ಹೊಲಕ್ಕೆ ಹೋಗುವ ಮುನ್ನ: ಸೋಲಾರ್ ಪಂಪಿನ ಸಾಮಾನನ್ನು ಮನೆಯಲ್ಲಿ ಕಾಪಾಡುವ ಕ್ರಮ



ನಮ್ಮ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ ತುಂಬಿದರೆ ಕೆರೆಯ ನೀರು, ಇಲ್ಲವಾದರೆ ಕೊಳವೆಬಾವಿಯ ನೀರು; ನಮಗಿರುವ ಆಧಾರ ಇವೆರಡೇ. ಕೊಳವೆಬಾವಿಯ ಆಳವೂ ಅನೇಕ ಕಡೆ ಸಾವಿರ ಅಡಿಯನ್ನು ದಾಟಿದೆ. ಅಷ್ಟು ಕೆಳಗಿನಿಂದ ನೀರೆತ್ತುವ ಪಂಪು ಬೇಸಿಗೆಯಲ್ಲಿ ಒಂದು ವಾರ ನಿಂತರೆ ಟೊಮೇಟೊ ಗಿಡ ಬಾಡುತ್ತದೆ, ಹಿಪ್ಪುನೇರಳೆ ಸೊಪ್ಪು ಒರಟಾಗುತ್ತದೆ, ಹಸುವಿನ ಹಸಿ ಮೇವು ಒಣಗುತ್ತದೆ. ಆದಕಾರಣ ಪಂಪಿನ ಯೋಗಕ್ಷೇಮವೇ ನಮ್ಮ ಮನೆಯ ಯೋಗಕ್ಷೇಮ.

೨೦೧೯ರಲ್ಲಿ ಕೇಂದ್ರ ಸರ್ಕಾರವು ಪಿಎಂ-ಕುಸುಮ್ ಯೋಜನೆಯನ್ನು ಆರಂಭಿಸಿತು. ಅದರ ಮೂಲಕವೂ, ಸ್ವಂತ ಖರ್ಚಿನಿಂದಲೂ ಸೋಲಾರ್ ಪಂಪನ್ನು ಹಾಕಿಸಿಕೊಳ್ಳುತ್ತಿರುವ ರೈತರಿದ್ದಾರೆ. ಸಹಾಯಧನ ಎಷ್ಟೇ ಬಂದರೂ ರೈತನ ಪಾಲಿನ ಹಣವು ರೈತನ ಕೈಯಿಂದಲೇ ಹೋಗತಕ್ಕದ್ದು. ಅದು ಒಂದು ಬೆಳೆಯ ಆದಾಯವಿರಬಹುದು, ಒಡವೆಯ ಮೇಲೆ ತಂದ ಸಾಲವಿರಬಹುದು.

ಹಣ ಕಟ್ಟಿದ ಮೇಲೆ ಒಂದು ದಿನ ಲಾರಿ ಬಂದು ಪೆಟ್ಟಿಗೆಗಳನ್ನು ಇಳಿಸಿ ಹೋಗುತ್ತದೆ. ಕೂಡಿಸುವವರು ಬರುವುದು ಕೆಲವೊಮ್ಮೆ ಮರುದಿನ, ಕೆಲವೊಮ್ಮೆ ಹದಿನೈದು ದಿನದ ಮೇಲೆ. ಕಂಬದ ಅಡಿಪಾಯ ಆಗಿರುವುದಿಲ್ಲ, ಮಳೆ ಹಿಡಿಯುತ್ತದೆ, ಕ್ರೇನು ಸಿಕ್ಕುವುದಿಲ್ಲ, ಹೀಗೆ ನಾನಾ ಕಾರಣಗಳಿಂದ ತಡವಾಗುತ್ತದೆ. ಈ ನಡುವಿನ ದಿನಗಳಲ್ಲಿ ಸಾಮಾನು ಇರುವುದು ಕಂಪನಿಯ ವಶದಲ್ಲಲ್ಲ, ನಿಮ್ಮ ಪಡಸಾಲೆಯಲ್ಲಿ. ಆ ದಿನಗಳಲ್ಲಿ ಅದನ್ನು ಹೇಗೆ ಕಾಪಾಡಬೇಕೆಂಬುದೇ ಈ ಪಾಠದ ವಿಷಯ.

೧. ಈ ಸಾಮಾನು ಏಕೆ ಇಷ್ಟು ನಾಜೂಕು?

ವಿದ್ಯುಚ್ಛಕ್ತಿ ನಮ್ಮ ಸೀಮೆಗೆ ಹೊಸದಲ್ಲ. ೧೯೦೨ರಲ್ಲಿಯೇ ಶಿವನಸಮುದ್ರದಿಂದ ಸುಮಾರು ೧೪೭ ಕಿಲೋಮೀಟರ್ ದೂರ ತಂತಿ ಎಳೆದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಮುಟ್ಟಿಸಿದರು. ಆ ಕಾಲದ ಯಂತ್ರಗಳಲ್ಲಿ ಇದ್ದದ್ದು ದಪ್ಪ ಕಬ್ಬಿಣ ಮತ್ತು ತಾಮ್ರದ ಸುರುಳಿ. ನಮ್ಮ ಹಳೆಯ ಸ್ಟಾರ್ಟರು ಕೂಡ ಅದೇ ಜಾತಿಯದು. ಧೂಳು ಕುಳಿತರೆ ಊದಿ, ಕಾಂಟ್ಯಾಕ್ಟ್ ಕಪ್ಪಾದರೆ ಉಜ್ಜಿ, ಮತ್ತೆ ನಡೆಸುತ್ತಿದ್ದೆವು.

ಸೋಲಾರ್ ಪಂಪಿನ ಕಂಟ್ರೋಲರ್ ಪೆಟ್ಟಿಗೆ ಈ ಜಾತಿಯದಲ್ಲ. ಬಿಸಿಲು ಏರಿದಂತೆ ಮೋಟಾರಿನ ವೇಗ ಏರಿಸುವುದು, ಮೋಡ ಬಂದರೆ ಇಳಿಸುವುದು, ಬಾವಿಯಲ್ಲಿ ನೀರು ತೀರಿದರೆ ನಿಲ್ಲಿಸುವುದು, ಇಷ್ಟನ್ನೂ ಅದರೊಳಗಿನ ಹಸಿರು ಹಲಗೆಯ ಮೇಲಿನ ಸಣ್ಣ ಸಣ್ಣ ಭಾಗಗಳು ಮಾಡುತ್ತವೆ. ಆ ಭಾಗಗಳ ಒಳಗಿನ ಗೆರೆಗಳು ತಲೆಗೂದಲಿಗಿಂತ ಎಷ್ಟೋ ಪಾಲು ತೆಳುವು. ಅದೇ ರೀತಿ ಸೋಲಾರ್ ಪ್ಯಾನಲಿನ ಗಾಜಿನ ಕೆಳಗಿರುವ ಬಿಲ್ಲೆಗಳು ಹಪ್ಪಳಕ್ಕಿಂತ ತೆಳುವಾಗಿದ್ದು, ಹಪ್ಪಳದಂತೆಯೇ ಬಿರುಕು ಬಿಡತಕ್ಕವು.

ಇಲ್ಲಿ ಒಂದು ಮುಖ್ಯ ಮಾತಿದೆ. ಗಡಿಗೆ ಒಡೆದರೆ ಕಣ್ಣಿಗೆ ಕಾಣುತ್ತದೆ. ಈ ಸಾಮಾನಿಗೆ ಆದ ಪೆಟ್ಟು ಹಾಗೆ ಕಾಣುವುದಿಲ್ಲ. ತೇವ ತಾಗಿದ ಕಂಟ್ರೋಲರ್ ಮೊದಲ ದಿನ ಸರಿಯಾಗಿಯೇ ನಡೆಯಬಹುದು. ಒಳಗೆ ತುಕ್ಕು ಹಿಡಿದು ಅದು ಕೈಕೊಡುವುದು ಆರು ತಿಂಗಳ ಮೇಲೆ, ಬೆಳೆ ಹೊಲದಲ್ಲಿ ನಿಂತಿರುವಾಗ. ಆಗ ದೋಷ ಯಾರದೆಂದು ಹೇಳುವುದೂ ಕಷ್ಟ. ಆದ್ದರಿಂದ ಕೂಡಿಸುವ ಮೊದಲಿನ ಜೋಪಾನವೂ ನೀರಾವರಿ ಕೆಲಸದ ಒಂದು ಭಾಗವೆಂದೇ ತಿಳಿಯತಕ್ಕದ್ದು.

ನಮಗೆ ಇದು ಬಾರದ ವಿದ್ಯೆಯೇನೂ ಅಲ್ಲ. ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಟ್ಟವರು ನಮ್ಮ ಹಿರಿಯರು. ತೇವ ಒಳಗೆ ಹೋಗಕೂಡದು, ಸುಮ್ಮಸುಮ್ಮನೆ ಬಾಯಿ ತೆಗೆಯಕೂಡದು, ಇವೆರಡೇ ಅವರ ಗುಟ್ಟು. ಚಾಕಿ ಹುಳುವಿನ ಮನೆಗೆ ಕೈ ತೊಳೆಯದೆ ಹೋಗಬಾರದೆಂಬ ಶಿಸ್ತು ರೇಷ್ಮೆ ಬೆಳೆಗಾರರಿಗೆ ಗೊತ್ತೇ ಇದೆ. ಆ ಗುಟ್ಟು, ಈ ಶಿಸ್ತು, ಇವೆರಡನ್ನೂ ಇಲ್ಲಿಗೆ ತಂದರೆ ಸಾಕು.

೨. ಸಾಮಾನು ಬರುವ ಮುನ್ನವೇ ಮಾಡತಕ್ಕ ಕೆಲಸ

ಎಲ್ಲಕ್ಕಿಂತ ಒಳ್ಳೆಯ ಜೋಪಾನವೆಂದರೆ ಸಾಮಾನನ್ನು ಹೆಚ್ಚು ದಿನ ಇಟ್ಟುಕೊಳ್ಳದಿರುವುದು. ಕಂಬಗಳ ಕಾಂಕ್ರೀಟು ಹಾಕಿ ಅದು ಗಟ್ಟಿಯಾಗಲು ಕೆಲವು ದಿನ ಬೇಕು. ಪೆಟ್ಟಿಗೆಗಳು ಬಂದ ಮೇಲೆ ಗುಂಡಿ ತೋಡಲು ಹೊರಟರೆ ಅಷ್ಟು ದಿನವೂ ಅವು ಮನೆಯಲ್ಲೇ ಕೂತಿರಬೇಕಾಗುತ್ತದೆ. ಅಡಿಪಾಯ, ಅರ್ಥಿಂಗ್ ಗುಂಡಿ, ಹೊಲಕ್ಕೆ ಹೋಗುವ ದಾರಿ ಇವು ಸಿದ್ಧವಾದ ಮೇಲೆಯೇ ಸಾಮಾನು ಕಳಿಸಿರೆಂದು ಸರಬರಾಜು ಮಾಡುವವರಿಗೆ ಮೊದಲೇ ತಿಳಿಸಿರಿ.

ಕಾಲವನ್ನೂ ನೋಡಿಕೊಳ್ಳಿರಿ. ನಮ್ಮ ಕಡೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತದ ಜಡಿಮಳೆ ಹಿಡಿಯುವುದುಂಟು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸಂಜೆಯ ಗಾಳಿಮಳೆ, ಆಲಿಕಲ್ಲು. ಈ ದಿನಗಳಲ್ಲಿ ಸಾಮಾನು ಬರುವುದಾದರೆ ಒಂದು ಒಳ್ಳೆಯ ಕೋಣೆಯನ್ನು ಮೊದಲೇ ತೆರವು ಮಾಡಿ ಇಡುವುದು ಅವಶ್ಯಕ.

೩. ಲಾರಿಯಿಂದ ಇಳಿಸುವಾಗ

ಲಾರಿ ಬಂದ ಸಂಭ್ರಮದಲ್ಲಿ ಅವಸರ ಕೂಡದು. ಚಾಲಕನು ಬೇಗ ಸಹಿ ಹಾಕೆಂದು ಒತ್ತಾಯಿಸಬಹುದು. ಮೊದಲು ಪೆಟ್ಟಿಗೆಗಳನ್ನು ಎಣಿಸಿ, ಚಲನ್ನಿನ ಜೊತೆ ಹೋಲಿಸಿ ನೋಡಿರಿ. ಪ್ರತಿಯೊಂದು ಪೆಟ್ಟಿಗೆಯ ಆರು ಮೈಯನ್ನೂ ನೋಡಿರಿ. ಮೂಲೆ ನುಜ್ಜಾಗಿದೆಯೇ? ನೀರಿನ ಕಲೆಯಿದೆಯೇ? ಪಟ್ಟಿ ಹರಿದಿದೆಯೇ? ಇದ್ದರೆ ಇಳಿಸುವ ಮುನ್ನವೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ‘ಪೆಟ್ಟಿಗೆ ನುಜ್ಜಾಗಿದೆ’ ಅಥವಾ ‘ನೆನೆದಿದೆ’ ಎಂದು ಚಲನ್ನಿನ ಮೇಲೆ ಬರೆದು ಆಮೇಲೆ ಸಹಿ ಮಾಡಿರಿ. ಈ ಒಂದು ಸಾಲು ಮುಂದೆ ನಿಮ್ಮನ್ನು ಕಾಯುವುದು.

ಓದು ಬಾರದವರಿಗೂ ತಿಳಿಯಲೆಂದು ಪೆಟ್ಟಿಗೆಯ ಮೇಲೆ ಚಿತ್ರಗಳನ್ನು ಅಚ್ಚು ಹಾಕಿರುತ್ತಾರೆ. ಅವುಗಳ ಅರ್ಥ ಹೀಗಿದೆ:

ಮೇಲ್ಮುಖದ ಎರಡು ಬಾಣಗಳು: ಈ ಕಡೆ ಮೇಲಿರಬೇಕು, ಮಗುಚಕೂಡದು.
ಕೊಡೆ: ಮಳೆ ಮತ್ತು ತೇವದಿಂದ ದೂರವಿಡಬೇಕು.
ಕಾಲುಳ್ಳ ಗಾಜಿನ ಲೋಟ: ಒಡೆಯುವ ವಸ್ತು, ಎತ್ತಿ ಹಾಕಕೂಡದು.
ಒಂದರ ಮೇಲೊಂದು ಪೆಟ್ಟಿಗೆ, ನಡುವೆ ಒಂದು ಅಂಕೆ: ಅಷ್ಟಕ್ಕಿಂತ ಹೆಚ್ಚು ಪೆಟ್ಟಿಗೆ ಪೇರಿಸಕೂಡದು.
ತ್ರಿಕೋನದೊಳಗೆ ಕೈ, ಅದರ ಮೇಲೆ ಅಡ್ಡಗೆರೆ: ಒಳಗಿನ ಭಾಗವನ್ನು ಬರಿಗೈಯಿಂದ ಮುಟ್ಟಕೂಡದು.

ಮನೆಯ ಮಕ್ಕಳಿಗೆ ಈ ಐದು ಗುರುತುಗಳನ್ನು ತೋರಿಸಿ ಹೇಳಿಕೊಡಿರಿ. ಅವರು ಮರೆಯುವುದಿಲ್ಲ, ನಮಗೂ ಮರೆಯಗೊಡುವುದಿಲ್ಲ.

೪. ಎಲ್ಲಿ ಇಡಬೇಕು, ಎಲ್ಲಿ ಇಡಕೂಡದು

ಬಾಗಿಲು ಹಾಕುವ, ಸೋರದ, ಗಾಳಿಯಾಡುವ ಕೋಣೆಯೇ ಸರಿಯಾದ ಸ್ಥಳ. ಪೆಟ್ಟಿಗೆಯನ್ನು ಬರಿ ನೆಲದ ಮೇಲೆ ಇಡಬೇಡಿ. ಕಡಪ ಕಲ್ಲಿನ ನೆಲವಾಗಲಿ ಸಿಮೆಂಟಿನ ನೆಲವಾಗಲಿ ಮಳೆಗಾಲದಲ್ಲಿ ಬೆವರುತ್ತದೆ. ಎರಡು ಮರದ ತುಂಡುಗಳನ್ನೋ ಹಲಗೆಯನ್ನೋ ಹಾಸಿ, ನೆಲದಿಂದ ನಾಲ್ಕಾರು ಅಂಗುಲ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿರಿ. ಹೀಗಿಟ್ಟರೆ ಗಾಳಿ ಸುತ್ತ ಆಡುತ್ತದೆ, ಗೆದ್ದಲು ಬಂದರೂ ಕಣ್ಣಿಗೆ ಬೀಳುತ್ತದೆ.

ಮಾಲೂರಿನ ಹೆಂಚು ಹೊದಿಸಿದ ಮನೆ ತಂಪಾಗಿರುವುದು ನಿಜ. ಆದರೆ ಹೆಂಚಿನ ಸಂದಿನಿಂದ ಧೂಳು ಉದುರುತ್ತದೆ, ಎರಚಲು ಬೀಳುತ್ತದೆ. ಅಂಥ ಮನೆಯಲ್ಲಿ ಪೆಟ್ಟಿಗೆಯ ಮೇಲೆ ಟಾರ್ಪಾಲು ಹೊದಿಸಿರಿ. ಬಿಗಿಯಾಗಿ ಸುತ್ತಿ ಕಟ್ಟಬೇಡಿ. ಕಟ್ಟಿದರೆ ಒಳಗಿನ ತೇವ ಒಳಗೇ ನಿಲ್ಲುವುದು. ಇಟ್ಟಿಗೆ ಗೂಡು ಅಥವಾ ಕಲ್ಲು ಪುಡಿ ಮಾಡುವ ಕ್ರಷರ್ ಹತ್ತಿರವಿರುವವರು ಕಿಟಕಿಯನ್ನು ಗಾಳಿ ಬೀಸುವ ಹೊತ್ತಿನಲ್ಲಿ ಮುಚ್ಚತಕ್ಕದ್ದು.

ತಗಡಿನ ಷೆಡ್ಡು ಬೇಡ. ಏಪ್ರಿಲ್ ಮಧ್ಯಾಹ್ನದಲ್ಲಿ ಅದರೊಳಗೆ ನಿಲ್ಲಲು ನಮಗೇ ಆಗುವುದಿಲ್ಲ. ಕಂಟ್ರೋಲರಿನೊಳಗಿನ ಕೆಪಾಸಿಟರುಗಳಲ್ಲಿ ಒಂದು ಬಗೆಯ ದ್ರವವಿರುತ್ತದೆ. ಶಾಖ ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಅವುಗಳ ಆಯುಸ್ಸು ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆಂದು ತಿಳಿದವರ ಲೆಕ್ಕ.

ಇನ್ನು ನಮ್ಮಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಗೊಬ್ಬರದ ಕೋಣೆಯಲ್ಲಿ ಇಡುವುದು. ಖಾಲಿ ಜಾಗ ಅಲ್ಲೇ ಇರುತ್ತದೆಂದು ಅಲ್ಲೇ ಇಳಿಸುತ್ತೇವೆ. ಯೂರಿಯಾ ಗಾಳಿಯ ತೇವವನ್ನು ಹೀರಿ ನೀರೊಡೆಯುತ್ತದೆ, ಅದರಿಂದ ಅಮೋನಿಯಾ ಹೊರಡುತ್ತದೆ. ದನದ ಕೊಟ್ಟಿಗೆಯಲ್ಲಿಯೂ ಕೋಳಿ ಷೆಡ್ಡಿನಲ್ಲಿಯೂ ಮೂಗಿಗೆ ಹೊಡೆಯುವ ಘಾಟು ಅದೇ ಅಮೋನಿಯಾ. ಅದು ತಾಮ್ರವನ್ನು ತಿನ್ನುತ್ತದೆ. ದ್ರಾಕ್ಷಿ ಮತ್ತು ಮಾವಿಗೆ ಹಾಕುವ ಗಂಧಕದ ಪುಡಿ ಬೆಳ್ಳಿ ತಾಮ್ರಗಳನ್ನು ಕಪ್ಪಾಗಿಸುತ್ತದೆ. ರೇಷ್ಮೆ ಮನೆ ತೊಳೆಯುವ ಬ್ಲೀಚಿಂಗ್ ಪುಡಿಯಿಂದ ಏಳುವ ಕ್ಲೋರಿನ್ ಇನ್ನೂ ಕೆಟ್ಟದ್ದು. ಹುಳು ಸಾಕುವ ಮನೆ ಶುಚಿಯಾಗಿದೆಯಲ್ಲಾ ಎಂದು ಅಲ್ಲಿ ಇಡುವವರಿದ್ದಾರೆ. ಸೋಂಕು ನಿವಾರಣೆಯ ಔಷಧಿ, ಹುಳುವಿಗೆ ಬೇಕಾದ ತೇವ, ಎರಡೂ ಈ ಸಾಮಾನಿಗೆ ಶತ್ರುಗಳು. ಆದ್ದರಿಂದ ಗೊಬ್ಬರ, ಔಷಧಿ, ಕೊಟ್ಟಿಗೆ, ಕೋಳಿ, ಹುಳುವಿನ ಮನೆ, ಈ ಐದನ್ನೂ ಬಿಟ್ಟು ಬೇರೆ ಜಾಗ ನೋಡಿರಿ.

ಇಲಿಯ ಮಾತನ್ನು ಹೇಳಲೇಬೇಕು. ರಾಗಿ ಚೀಲವಿರುವ ಕೋಣೆಗೆ ಇಲಿ ಬರುತ್ತದೆ. ಬಂದ ಇಲಿ ಕೇಬಲಿನ ಹೊದಿಕೆಯನ್ನೂ ಕಡಿಯುತ್ತದೆ. ಹಲ್ಲಿ ಮತ್ತು ಇರುವೆ ಕಂಟ್ರೋಲರಿನ ಕೇಬಲ್ ತೂತಿನಿಂದ ಒಳಗೆ ಹೋಗಿ ಮನೆ ಮಾಡುತ್ತವೆ. ತೂತಿಗೆ ಹಾಕಿರುವ ಮುಚ್ಚಳವನ್ನು ತೆಗೆಯಬೇಡಿ. ಕೋಣೆಯಲ್ಲಿ ಒಂದು ಇಲಿಬೋನು ಇಡಿರಿ. ವಾರಕ್ಕೊಮ್ಮೆ ಟಾರ್ಚು ಹಿಡಿದು ಪೆಟ್ಟಿಗೆಯ ಸುತ್ತ ನೋಡಿ ಬನ್ನಿರಿ.

೫. ಸೋಲಾರ್ ಪ್ಯಾನಲುಗಳು

ಪ್ಯಾನಲುಗಳನ್ನು ಬಂದ ಪೆಟ್ಟಿಗೆಯಲ್ಲಿಯೇ, ಬಂದ ಭಂಗಿಯಲ್ಲಿಯೇ ಬಿಡಿರಿ. ನಿಲ್ಲಿಸಿ ತುಂಬಿದ್ದರೆ ನಿಂತೇ ಇರಲಿ. ಬಿಡಿಸಿ ಒಂದರ ಮೇಲೊಂದು ಮಲಗಿಸಿದರೆ ಕೆಳಗಿನ ಪ್ಯಾನಲಿನ ನಡುಭಾಗ ಭಾರಕ್ಕೆ ಬಗ್ಗುತ್ತದೆ. ಗಾಜು ಒಡೆಯದೆ ಉಳಿದರೂ ಒಳಗಿನ ಬಿಲ್ಲೆ ಸೀಳುತ್ತದೆ. ಆ ಸೀಳು ಬರಿಗಣ್ಣಿಗೆ ಕಾಣದು. ಮುಂದೆ ಬಿಸಿಲು ಚಳಿಗೆ ಹಿಗ್ಗಿ ಕುಗ್ಗಿ ಅದು ಬೆಳೆಯುತ್ತದೆ, ನೀರಿನ ಧಾರೆ ಸಣ್ಣದಾಗುತ್ತ ಬರುತ್ತದೆ.

ಟೊಮೇಟೊ ಕ್ರೇಟುಗಳನ್ನು ಪೇರಿಸಲು ಪ್ಯಾನಲಿನ ಪೆಟ್ಟಿಗೆ ಒಳ್ಳೆಯ ಮಟ್ಟವಾದ ಜಾಗವೆಂದು ತೋರಬಹುದು. ಶ್ರೀನಿವಾಸಪುರದ ಕಡೆ ಮಾವಿನ ಕಾಲದಲ್ಲಿ ಮನೆಯ ಮೂಲೆ ಮೂಲೆಯೂ ಹಣ್ಣಿನಿಂದ ತುಂಬಿರುತ್ತದೆ. ಆದರೂ ಅದರ ಮೇಲೆ ಕ್ರೇಟು ಬೇಡ, ಮೂಟೆ ಬೇಡ, ಮಕ್ಕಳು ಹತ್ತುವುದೂ ಬೇಡ.

ಎತ್ತಬೇಕಾದರೆ ಇಬ್ಬರು ಎರಡು ಕಡೆಯ ಚೌಕಟ್ಟನ್ನು ಹಿಡಿದು ಎತ್ತತಕ್ಕದ್ದು. ಬೆನ್ನಿಗಿರುವ ಕರಿಯ ಡಬ್ಬಿಯನ್ನಾಗಲಿ ಅದರಿಂದ ಹೊರಟ ತಂತಿಯನ್ನಾಗಲಿ ಹಿಡಿದು ಎಳೆಯಕೂಡದು. ತಲೆಯ ಮೇಲೆ ಹೊರುವುದೂ ಸರಿಯಲ್ಲ. ಹೊರುವಾಗ ಅದು ಬಗ್ಗುತ್ತದೆ. ಬಿಡಿಯಾಗಿ ಗೋಡೆಗೆ ಒರಗಿಸಿಟ್ಟ ಪ್ಯಾನಲನ್ನು ಒಂದು ಗಾಳಿ ಬೀಳಿಸಿಬಿಡುತ್ತದೆ.

ಪ್ರಾಣಕ್ಕೆ ಸಂಬಂಧಪಟ್ಟ ಮಾತು ಇನ್ನೊಂದು. ಪ್ಯಾನಲಿಗೆ ಸ್ವಿಚ್ಚು ಇಲ್ಲ. ಬೆಳಕು ಬಿದ್ದೊಡನೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ, ಯಾವುದಕ್ಕೂ ಜೋಡಿಸದಿದ್ದರೂ ಹುಟ್ಟುತ್ತದೆ. ಒಂದು ದೊಡ್ಡ ಪ್ಯಾನಲಿನಲ್ಲಿ ಸುಮಾರು ೪೦ರಿಂದ ೫೦ ವೋಲ್ಟ್ ಇರುತ್ತದೆ; ಹತ್ತಾರು ಪ್ಯಾನಲುಗಳನ್ನು ಸರಣಿಯಾಗಿ ಜೋಡಿಸಿದರೆ ಕೆಲವು ನೂರು ವೋಲ್ಟ್ ಆಗಿ ಪ್ರಾಣವನ್ನೇ ತೆಗೆದೀತು. ತಂತಿಯ ತುದಿಯಲ್ಲಿರುವ ಕನೆಕ್ಟರುಗಳನ್ನು ಮಕ್ಕಳು ಆಟಕ್ಕೆ ಸೇರಿಸದಂತೆ ನೋಡಿಕೊಳ್ಳಿರಿ. ಅವುಗಳ ಬಾಯಿಗೆ ಧೂಳು, ನೀರು ಹೋಗದಂತೆ ಮುಚ್ಚಳವಿದ್ದರೆ ಹಾಗೇ ಇರಲಿ. ಎಣ್ಣೆ ಗ್ರೀಸು ಹಚ್ಚಬೇಡಿ.

೬. ಕಂಟ್ರೋಲರ್ ಪೆಟ್ಟಿಗೆ

ಕಂಟ್ರೋಲರನ್ನು ಕೂಡಿಸುವವರು ಬರುವ ತನಕ ತೆರೆಯದಿರುವುದೇ ಮೊದಲ ನಿಯಮ, ಕೊನೆಯ ನಿಯಮವೂ ಅದೇ. ಆದರೂ ನಾವು ತೆರೆಯುತ್ತೇವೆ. ಏಕೆ ತೆರೆಯಕೂಡದೆಂಬುದನ್ನು ಒಂದೊಂದಾಗಿ ತಿಳಿಯೋಣ.

ಪೂಜೆ: ಹೊಸ ಯಂತ್ರ ಮನೆಗೆ ಬಂದರೆ ಪೂಜೆ ಮಾಡುವುದು ನಮ್ಮ ಸಂಪ್ರದಾಯ, ಅದು ನಡೆಯಲಿ. ಆದರೆ ಅರಿಶಿನ ಕುಂಕುಮವನ್ನು ಹೊರಗಿನ ರಟ್ಟಿನ ಪೆಟ್ಟಿಗೆಗೆ ಹಚ್ಚಿರಿ. ಕಂಟ್ರೋಲರಿಗೆ ಹಚ್ಚಿದರೆ ಆ ನುಣ್ಣನೆಯ ಪುಡಿ ಗಾಳಿಕಿಂಡಿಯಿಂದ ಒಳಗೆ ಇಳಿದು ತೇವ ಹಿಡಿಯುತ್ತದೆ. ತೀರ್ಥವನ್ನೂ ಎಳನೀರನ್ನೂ ಪ್ರೋಕ್ಷಿಸಬೇಡಿ. ಕರ್ಪೂರದ ತಟ್ಟೆಯನ್ನು ಪೆಟ್ಟಿಗೆಯ ಮೇಲಿಡಬೇಡಿ, ತೆಂಗಿನಕಾಯಿಯನ್ನು ಅಂಗಳದಲ್ಲಿ ಒಡೆಯಿರಿ.

ಕಾಣದ ಕಿಡಿ: ಒಣ ತಲೆಗೂದಲನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ಬಾಚಿ ಕಾಗದದ ಚೂರಿನ ಹತ್ತಿರ ಹಿಡಿದರೆ ಚೂರುಗಳು ಹಾರಿ ಅಂಟಿಕೊಳ್ಳುವುದನ್ನು ಶಾಲೆಯ ಮಕ್ಕಳು ಬಲ್ಲರು. ಇದಕ್ಕೆ ಸ್ಥಿರ ವಿದ್ಯುತ್ತೆಂದು ಹೆಸರು. ಫೆಬ್ರವರಿ ಮಾರ್ಚಿಯ ಒಣ ಗಾಳಿಯಲ್ಲಿ ಪ್ಲಾಸ್ಟಿಕ್ ಚಾಪೆಯ ಮೇಲೆ ನಡೆದರೂ, ಪಾಲಿಯೆಸ್ಟರ್ ಬಟ್ಟೆ ಮೈಗೆ ಉಜ್ಜಿದರೂ ಅದು ನಮ್ಮ ಮೈಮೇಲೆ ಕೂಡುತ್ತದೆ. ಸುಮಾರು ೩೦೦೦ ವೋಲ್ಟ್ ಆಗುವವರೆಗೆ ಅದು ಹಾರಿದ್ದು ನಮ್ಮ ಬೆರಳಿಗೆ ತಿಳಿಯುವುದೇ ಇಲ್ಲ. ಹಸಿರು ಹಲಗೆಯ ಕೆಲವು ಭಾಗಗಳು ೧೦೦ ವೋಲ್ಟಿಗೇ ಕೆಡುತ್ತವೆ. ನಮಗೆ ಗೊತ್ತಿಲ್ಲದಂತೆಯೇ ನಮ್ಮ ಬೆರಳು ಅದನ್ನು ಕೆಡಿಸಿಬಿಡುವುದು ಹೀಗೆ. ಬಿಡಿ ಹಲಗೆಗಳು ಬೂದು ಬೆಳ್ಳಿಯ ಬಣ್ಣದ ಅಥವಾ ಗುಲಾಬಿ ಬಣ್ಣದ ಚೀಲದಲ್ಲಿ ಬಂದರೆ ಆ ಚೀಲವೇ ಅವುಗಳ ಕವಚ, ಅದನ್ನು ಬಿಚ್ಚಕೂಡದು. ಬಲ್ಲ ಮೆಕ್ಯಾನಿಕ್ಕು ಹಲಗೆ ಮುಟ್ಟುವ ಮುನ್ನ ಭೂಮಿಗೆ ಸೇರಿದ ಲೋಹವನ್ನು ಮುಟ್ಟುತ್ತಾನೆ, ಇಲ್ಲವೇ ಮಣಿಕಟ್ಟಿಗೆ ಭೂಮಿಯ ತಂತಿಯ ಪಟ್ಟಿ ಕಟ್ಟಿಕೊಳ್ಳುತ್ತಾನೆ.

ಬೆವರು: ತಣ್ಣೀರು ತುಂಬಿದ ಹಿತ್ತಾಳೆ ಚೊಂಬಿನ ಹೊರಮೈ ಬೆವರುವುದನ್ನು ಕಂಡಿದ್ದೀರಿ. ಡಿಸೆಂಬರಿನ ರಾತ್ರಿಯೆಲ್ಲ ಲಾರಿಯಲ್ಲಿ ತಣ್ಣಗಾಗಿ ಬಂದ ಪೆಟ್ಟಿಗೆಯನ್ನು ಬೆಚ್ಚನೆಯ ಮನೆಗೆ ತಂದು ಕೂಡಲೇ ತೆರೆದರೆ ಒಳಗಿನ ಲೋಹದ ಮೇಲೂ ಅದೇ ಬೆವರು ಕೂಡುತ್ತದೆ. ಮುಚ್ಚಿದ ಹಾಗೆಯೇ ಒಂದು ದಿನ ಬಿಟ್ಟರೆ ಕೋಣೆಯ ಹದಕ್ಕೆ ಬರುತ್ತದೆ. ಒಳಗಿರುವ ಸಣ್ಣ ಬಿಳಿಯ ಪೊಟ್ಟಣಗಳು ತೇವ ಹೀರಲು ಹಾಕಿದವು. ಅವನ್ನು ಎಸೆಯಬೇಡಿ, ಮಕ್ಕಳ ಬಾಯಿಗೂ ಸಿಗದಿರಲಿ.

‘ಒಮ್ಮೆ ಹಾಕಿ ನೋಡೋಣ’: ನೆಂಟರು ಬಂದಾಗ, ಬುದ್ಧಿವಂತ ಹುಡುಗರು ಸೇರಿದಾಗ ಈ ಮಾತು ಬರುತ್ತದೆ. ಸೋಲಾರ್ ಕಂಟ್ರೋಲರನ್ನು ಮನೆಯ ಕರೆಂಟಿಗೆ ಕೊಡಬೇಡಿ. ಪ್ಯಾನಲಿನಿಂದ ಬರುವುದು ಒಂದು ಬಗೆಯ ವಿದ್ಯುತ್ತು, ಮನೆಯದು ಇನ್ನೊಂದು ಬಗೆಯದು. ತಪ್ಪು ಬಾಯಿಗೆ ಕೊಟ್ಟ ಕ್ಷಣದಲ್ಲಿಯೇ ಅದು ಸುಟ್ಟುಹೋಗಬಹುದು, ಹಾಗೆ ಸುಟ್ಟಿದ್ದಕ್ಕೆ ವಾರಂಟಿಯೂ ಸಿಕ್ಕಲಾರದು.

ಬಹಳ ಕಾಲ ಕೂತರೆ: ಕೊಳವೆಬಾವಿ ಬತ್ತಿತೆಂದೋ ಜಮೀನಿನ ವ್ಯಾಜ್ಯವೆಂದೋ ಸಾಮಾನು ಒಂದು ವರ್ಷ ಮೀರಿ ಕೂತಿತೆನ್ನಿ. ಕರೆಂಟಿಲ್ಲದೆ ಕೂತ ಕೆಪಾಸಿಟರಿನ ಒಳಪದರ ಸಡಿಲವಾಗಿರುತ್ತದೆ. ಅದಕ್ಕೆ ಒಮ್ಮೆಲೇ ಪೂರ್ಣ ವೋಲ್ಟ್ ಕೊಟ್ಟರೆ ಸಿಡಿಯಬಹುದು. ಕಡಿಮೆ ವೋಲ್ಟಿನಿಂದ ಆರಂಭಿಸಿ ಮೆಲ್ಲಗೆ ಏರಿಸಿ ಅದನ್ನು ಹದಕ್ಕೆ ತರಬೇಕು. ಬಹುದಿನ ಉಪವಾಸವಿದ್ದವನಿಗೆ ಮೊದಲು ಗಂಜಿ ಕೊಟ್ಟಂತೆ ಇದು. ಪೆಟ್ಟಿಗೆಯ ಮೇಲಿನ ತಯಾರಿಕೆಯ ತಿಂಗಳು ವರ್ಷವನ್ನು ನೋಡಿ, ಎಷ್ಟು ಕಾಲ ಕೂತಿದೆಯೆಂದು ಕೂಡಿಸುವವರಿಗೆ ತಪ್ಪದೆ ಹೇಳಿರಿ.

೭. ಮೋಟಾರು, ಕೇಬಲು, ಬ್ಯಾಟರಿ

ಸಬ್‌ಮರ್ಸಿಬಲ್ ಮೋಟಾರು ಉದ್ದವಾದದ್ದು. ಅದನ್ನು ಮಲಗಿಸಿದರೆ ಉದ್ದಕ್ಕೂ ಸಮನಾಗಿ ಆಸರೆಯಿರಲಿ. ಎರಡು ತುದಿಗೆ ಕಲ್ಲು ಕೊಟ್ಟು ನಡುವೆ ತೂಗಬಿಟ್ಟರೆ ಒಳಗಿನ ದಂಡ ಬಾಗಬಹುದು. ಕೇಬಲ್ ಹಿಡಿದು ಎತ್ತಬೇಡಿ. ಕೇಬಲಿನ ಕತ್ತರಿಸಿದ ತುದಿಗೆ ಪ್ಲಾಸ್ಟಿಕ್ ಸುತ್ತಿ ಒಣಗಿದ ಜಾಗದಲ್ಲಿ ಎತ್ತರಕ್ಕೆ ಕಟ್ಟಿರಿ. ತುದಿ ನೀರಿನಲ್ಲಿ ಬಿದ್ದಿದ್ದರೆ ದೀಪದ ಬತ್ತಿ ಎಣ್ಣೆ ಹೀರುವಂತೆ ತಾಮ್ರದ ಎಳೆಗಳ ನಡುವೆ ನೀರು ಏರುತ್ತದೆ. ‘ತಿರುಗುತ್ತದೆಯೇ ನೋಡೋಣ’ ಎಂದು ನೀರಿನ ಹೊರಗೆ ಮೋಟಾರನ್ನು ನಡೆಸಬೇಡಿ. ಅದರ ಬೇರಿಂಗಿಗೆ ನೀರೇ ಎಣ್ಣೆ.

ಬ್ಯಾಟರಿಯಿರುವ ಸೋಲಾರ್ ದೀಪ ಅಥವಾ ಸೋಲಾರ್ ಬೇಲಿಯ ಯಂತ್ರ ತರಿಸಿದವರು ಇಷ್ಟು ನೆನಪಿಡಿ. ಬ್ಯಾಟರಿ ಸುಮ್ಮನಿದ್ದರೂ ತಾನೇ ಇಳಿಯುತ್ತದೆ. ಆಮ್ಲದ ಬ್ಯಾಟರಿಯನ್ನು ಮೂರು ತಿಂಗಳಿಗೊಮ್ಮೆ ಬಲ್ಲವರಿಂದ ಚಾರ್ಜು ಮಾಡಿಸಬೇಕು. ಅದರ ಮೇಲೆ ಸ್ಪ್ಯಾನರು, ಕುಡುಗೋಲು ಇಡಕೂಡದು. ಎರಡು ತುದಿಗೆ ಕಬ್ಬಿಣ ತಾಗಿದರೆ ಬೆಂಕಿಯೇ ಏಳುತ್ತದೆ.

೮. ಒಂದು ವೇಳೆ ನೆನೆದರೆ

ಎಷ್ಟು ಜಾಗರೂಕತೆಯಿಂದಿದ್ದರೂ ಒಮ್ಮೆ ನೀರು ನುಗ್ಗಬಹುದು. ಆಗ ನೆನೆದ ಸಾಮಾನನ್ನು ಚಾಲೂ ಮಾಡಕೂಡದು. ಬಿಸಿಲಿಗೆ ಇಡುವುದು, ಒಲೆಯ ಹತ್ತಿರ ಕಾಯಿಸುವುದು, ಬಟ್ಟೆಯಿಂದ ಹಲಗೆ ಒರೆಸುವುದು ಇವಾವುದೂ ಬೇಡ. ಒಣ ಜಾಗಕ್ಕೆ ಸರಿಸಿ, ಚಿತ್ರ ತೆಗೆದು, ಸರಬರಾಜು ಮಾಡಿದವರಿಗೆ ಅಂದೇ ಬರಹದಲ್ಲಿ ತಿಳಿಸಿರಿ. ಮುಚ್ಚಿಟ್ಟು ಕೂಡಿಸಿದರೆ ಆ ಹೊತ್ತಿಗೆ ಮಾನ ಉಳಿದಂತೆ ತೋರಬಹುದು, ಮುಂದೆ ಬೆಳೆಯೇ ಹೋಗುತ್ತದೆ.

೯. ಹೊಲಕ್ಕೆ ಒಯ್ಯುವ ದಿನ

ಟ್ರ್ಯಾಕ್ಟರ್ ಟ್ರೈಲರಿಗೆ ಗೋಣಿಚೀಲಗಳನ್ನು ದಪ್ಪನಾಗಿ ಹಾಸಿ, ಪ್ಯಾನಲುಗಳನ್ನು ನಿಲ್ಲಿಸಿ, ಅಲುಗಾಡದಂತೆ ಹಗ್ಗ ಕಟ್ಟಿರಿ. ಬದುವಿನ ಮೇಲೆ ನಿಧಾನವಾಗಿ ಹೋಗಲಿ. ಕಂಟ್ರೋಲರನ್ನು ಒಬ್ಬರು ಹಿಡಿದು ಕೂತುಕೊಳ್ಳಲಿ. ಅಂದು ಕೂಡಿಸುವಷ್ಟನ್ನೇ ಒಯ್ಯಿರಿ. ಹಿಂದಿನ ರಾತ್ರಿಯೇ ಒಯ್ದು ಹೊಲದಲ್ಲಿ ಬಿಟ್ಟರೆ ಇಬ್ಬನಿಯೂ ಕಳ್ಳರೂ ಕಾಯುವುದಿಲ್ಲ. ಮಳೆ ಹನಿಯುವಾಗ ಪೆಟ್ಟಿಗೆ ತೆರೆಯಬೇಡಿ. ತೆರೆಯುವುದು ನೆರಳಿನಲ್ಲಿ, ಕೂಡಿಸುವವರ ಕೈಯಿಂದಲೇ ಆಗಲಿ. ಮೋಟಾರನ್ನು ಬಾವಿಗೆ ಇಳಿಸುವ ಮುನ್ನ ಮೆಗ್ಗರ್ ಯಂತ್ರದಿಂದ ಕೇಬಲನ್ನೂ ಮೋಟಾರನ್ನೂ ಪರೀಕ್ಷಿಸಿ ತೋರಿಸೆಂದು ಕೇಳಿರಿ. ಸಾವಿರ ಅಡಿ ಇಳಿಸಿದ ಮೇಲೆ ತೆಗೆಯುವ ಖರ್ಚು ನಿಮ್ಮದು.

ಪ್ಯಾನಲು, ಕಂಟ್ರೋಲರು, ಮೋಟಾರು ಇವುಗಳ ಮೇಲಿನ ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿರಿ. ಬಿಲ್ಲು, ಚಲನ್ನು, ವಾರಂಟಿ ಕಾಗದಗಳನ್ನು ಪಹಣಿ ಇಡುವ ಪೆಟ್ಟಿಗೆಯಲ್ಲಿಯೇ ಇಡಿರಿ. ಪಂಪು ನೀರೆತ್ತಿ ತೋರಿಸಿದ ಮೇಲೆ ಮಾತ್ರ ಕೊನೆಯ ಸಹಿ.

ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಹಗಲೆಲ್ಲ ಇರುವವರು ಹೆಣ್ಣುಮಕ್ಕಳು ಮತ್ತು ಹಿರಿಯರು. ಕೋಣೆ ಗುಡಿಸುವವರು, ಸೋರುವುದನ್ನು ಮೊದಲು ಕಾಣುವವರು, ಮಕ್ಕಳನ್ನು ಗದರಿಸುವವರು ಅವರೇ. ಆದಕಾರಣ ಈ ಪಾಠವನ್ನು ಮನೆಯ ಯಜಮಾನರು ತಾವೊಬ್ಬರೇ ಓದಿ ಮಡಿಸಿಡದೆ, ರಾತ್ರಿ ಊಟವಾದ ಮೇಲೆ ಎಲ್ಲರಿಗೂ ಕೇಳುವಂತೆ ಓದಿ ಹೇಳತಕ್ಕದ್ದು. ಸಂಶಯವಿದ್ದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಕೂಡಿಸುವವರಲ್ಲಿಯೂ ಕೇಳಲು ಸಂಕೋಚ ಬೇಡ.

ಗ್ರಾಮದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

೧. ನಿಮ್ಮ ಮನೆಯಲ್ಲಿ ಪೆಟ್ಟಿಗೆಗಳನ್ನು ಇಡಲು ತಕ್ಕ ಕೋಣೆ ಯಾವುದು? ಅದು ಸೋರುತ್ತದೆಯೇ? ಗೊಬ್ಬರ, ಕೊಟ್ಟಿಗೆಗಳಿಂದ ಎಷ್ಟು ದೂರವಿದೆ?
೨. ಕೊಡೆಯ ಚಿತ್ರ, ಅಡ್ಡಗೆರೆಯ ಕೈಯ ಚಿತ್ರ, ಇವುಗಳ ಅರ್ಥವೇನು?
೩. ಹಗೇವಿನ ರಾಗಿಗೂ ಕಂಟ್ರೋಲರ್ ಪೆಟ್ಟಿಗೆಗೂ ಇರುವ ಹೋಲಿಕೆ ಯಾವುದು?
೪. ಬೆಳಕಿನಲ್ಲಿರುವ ಪ್ಯಾನಲಿನ ತಂತಿಯ ತುದಿಯನ್ನು ಮಕ್ಕಳು ಏಕೆ ಮುಟ್ಟಕೂಡದು?
೫. ಪೆಟ್ಟಿಗೆ ನುಜ್ಜಾಗಿ ಬಂದರೆ ಸಹಿ ಹಾಕುವ ಮುನ್ನ ಏನು ಮಾಡಬೇಕು?
೬. ತೋಟದ ಅಡಿಪಾಯ ಸಿದ್ಧವಾಗುವ ಮುನ್ನವೇ ಲಾರಿ ಬಂದರೆ ಅಕ್ಕಪಕ್ಕದ ರೈತರು ಪರಸ್ಪರ ಹೇಗೆ ನೆರವಾಗಬಹುದು?